ಉಗ್ರಾಣದ ಕಿಟಕಿಯಿಂದ ಬಂದ ಹಾಡು

ನಮ್ಮ ಅತ್ತೆಯ ಎರಡು ಕಿವಿಗಳಲ್ಲೂ ಓಲೆ ಇರಬೇಕಾದ ಕಡೆ ಬೇವಿನ ಕಡ್ಡಿಯ ಚೂರುಗಳಿರುತ್ತಿದ್ದವು. ಅವು ಒಣಗಿ ಸಣ್ಣಗಾದ ಹಾಗೆಲ್ಲ ಹಿತ್ತಲ ಮರದಿಂದ ಹೊಸದನ್ನು ಮುರಿದು, ಕಲ್ಲಿಗೆ ಉಜ್ಜಿ ನುಣುಪು ಮಾಡಿ ಇಟ್ಟುಕೊಳ್ಳುತ್ತಿದ್ದಳು. ಅತ್ತೆ ಎಂದರೆ ಅಪ್ಪನ ತಂಗಿ. ಮದುವೆಯಾದ ಮಾರನೇ ವರ್ಷವೇ ಗಂಡನನ್ನು ಕಳೆದುಕೊಂಡು, ಬಿಳಿಕೆರೆ ಹತ್ತಿರದ ನಮ್ಮೂರಿಗೆ ವಾಪಸು ಬಂದವಳು. "ನೀನಿನ್ನು ಓಲೆ ಇಕ್ಕಂಗಿಲ್ವಲ್ಲ ಅತ್ತೆ, ಕಡ್ಡಿ ಯಾಕೆ?" ಎಂದರೆ, "ತೂತು ಮುಚ್ಚೋಯ್ತದೆ ಕಣವ್ವ" ಎನ್ನುತ್ತಿದ್ದಳು. ಮುಚ್ಚಿದರೇನು ಎಂದು ಕೇಳುವಷ್ಟು ಬುದ್ಧಿ ನನಗೆ ಆಗ ಇರಲಿಲ್ಲ.

ಒಂದು ಕಾಲಕ್ಕೆ ನಮ್ಮೂರಿನ ಯಾವ ಮದುವೆಯೂ ಅವಳ ಸೋಬಾನೆ ಇಲ್ಲದೆ ಆಗುತ್ತಿರಲಿಲ್ಲವಂತೆ. ನಾನು ಅದನ್ನು ಕಂಡವಳಲ್ಲ. ಗಂಡ ಸತ್ತ ಮೇಲೆ ಅವಳನ್ನು ಹಾಡು ಎಂದವರಿಲ್ಲ. ಹೆತ್ತ ತಾಯಿಯೇ, ಅಂದರೆ ನಮ್ಮಜ್ಜಿಯೇ, ಶುಭಕಾರ್ಯ ಬಂತೆಂದರೆ ಮಗಳನ್ನು ಉಗ್ರಾಣಕ್ಕೆ ಕಳಿಸಿ ಬಾಗಿಲು ಮುಂದೆ ಮಾಡುತ್ತಿದ್ದಳು. ನಾನು ಅತ್ತೆಯ ಹಾಡು ಕೇಳಿದ್ದು ಹೊಗೆಸೊಪ್ಪು ಕಟ್ಟುವಾಗ ಮಾತ್ರ. ಎಲೆಗಳನ್ನು ಜೋಡಿಸಿ ಕೋಲಿಗೆ ಕಟ್ಟುತ್ತ, ಬಾಯಿ ತೆರೆಯದೆ ಗುನುಗುತ್ತಿದ್ದಳು. ಕೇಳುತ್ತ ಕೇಳುತ್ತ ನನಗೆ ಕಣ್ಣು ಎಳೆಯುತ್ತಿತ್ತು. "ಹಾಡು ಬಾಯಿಂದ ಬರಾದಲ್ಲ ಕಣವ್ವ, ಕಿವಿಯಿಂದ ಬರಾದು" ಎನ್ನುತ್ತಿದ್ದಳು.

ನನಗೆ ಕೆ.ಆರ್. ನಗರದ ಕಡೆ ಗಂಡು ಗೊತ್ತಾಯಿತು. ಕಾಲುವೆ ನೀರು ಕುಡಿದು ಬೆಳೆದ ಜನ, ಆರತಕ್ಷತೆಗೆ ಬ್ಯಾಂಡು ಬೇಕೆಂದು ಹೇಳಿಕಳಿಸಿದರು. ಅಪ್ಪ ತಲೆ ಕೆರೆದುಕೊಂಡ. "ಮೂರ್ತಕ್ಕೆ ಓಲಗ ಬುಡಂಗಿಲ್ಲ. ಸಂಜೆಗೆ ಬ್ಯಾಂಡೂ ಅಂದ್ರೆ ಬೀಗ್ರಿಗೆ ಬರೀ ಸದ್ದೇ ಬಡಿಸ್ಬೇಕಾಯ್ತದೆ." ಕೊನೆಗೆ ಹುಣಸೂರಿನ ಮೈಕ್‌ಸೆಟ್ಟು ಎಂದು ತೀರ್ಮಾನವಾಯಿತು. "ಹಾಡಿನ ಪ್ಲೇಟಿಗೇನು ಅರಿಸಿನ ಕುಂಕುಮ ಇಕ್ಬೇಕಾ? ಅವಳೇ ಆರಿಸ್ಲಿ" ಎಂದು ಅಪ್ಪ ಅತ್ತೆಯನ್ನು ನನ್ನ ಜೊತೆ ಹುಣಸೂರಿನ ಬಸ್ಸು ಹತ್ತಿಸಿದ. ಅಜ್ಜಿಗೂ ಇದಕ್ಕೆ ತಕರಾರು ಹುಡುಕಲು ಆಗಲಿಲ್ಲ.

ಅತ್ತೆ ಅಂಗಡಿಯ ಮಣೆಯ ಮೇಲೆ ಕಣ್ಣು ಮುಚ್ಚಿ ಕೂತಳು. ಪ್ಲೇಟು ತಿರುಗಿ ಹಾಡು ಶುರುವಾದದ್ದೇ, "ಇದು ಬ್ಯಾಡ, ಹೆಣ್ಣು ಅಳ್ತಾಳೆ" ಎನ್ನುವಳು. ಇನ್ನೊಂದಕ್ಕೆ, "ಸದ್ದು ಜಾಸ್ತಿ, ಮುದುಕ್ರು ಬೈತಾರೆ." ಮೈಕಿನವನಿಗೆ ಸಾಕುಸಾಕಾಯಿತು. "ಏನವ್ವಾ, ಹಾಡು ಆರಿಸ್ತಿದ್ದೀರೋ, ಗಂಡು ಆರಿಸ್ತಿದ್ದೀರೋ?"

"ಗಂಡು ಇವಳೊಬ್ಬಳಿಗೆ ಹಿಡಿಸಿದ್ರೆ ಸಾಕು ಕಣಪ್ಪ. ಹಾಡು ಊರಿಗೆಲ್ಲ ಹಿಡಿಸ್ಬೇಕು" ಎಂದಳು ಅತ್ತೆ, ಕಣ್ಣು ತೆರೆಯದೆ.

ನಮ್ಮ ದುಡ್ಡಿಗೆ ಬಂದದ್ದು ಬೆರಳೆಣಿಕೆಯ ಪ್ಲೇಟುಗಳು. ಅವನ್ನು ಎದೆಗವಚಿಕೊಂಡು ಕೂತು ಬಸ್ಸಿನಲ್ಲಿ ಬಂದಳು. ಮದುವೆಗೆ ಅವಳಿಂದ ಸೇರಿದ್ದು ಅವಷ್ಟೇ ಎಂಬುದು ನನಗೆ ಆಗ ಹೊಳೆಯಿತು.

ಆರತಕ್ಷತೆಯ ದಿನ ಹೊಂಗೆಮರಕ್ಕೆ ಮೈಕ್‌ಸೆಟ್ಟಿನ ಹಾರನ್ನು ಕಟ್ಟಿದರು. ಜನ ತುಳಿದಾರು ಎಂದು ಯಾರೋ ಪುಣ್ಯಾತ್ಮರು ಪ್ಲೇಟಿನ ಪೆಟ್ಟಿಗೆಯನ್ನು ಅಡುಗೆಯ ಕೋಡಿಒಲೆಯ ಪಕ್ಕ ಜೋಪಾನವಾಗಿ ಇಟ್ಟರು. ಸಂಜೆ ತೆಗೆದು ನೋಡಿದರೆ ಎಲ್ಲವೂ ಸುಟ್ಟ ಹಪ್ಪಳದ ಹಾಗೆ ಸೊಟ್ಟಗಾಗಿದ್ದವು. ನಾನೂ ಮದುಮಗನೂ ಚಪ್ಪರದಲ್ಲಿ ಕುರ್ಚಿಯ ಮೇಲೆ ಕೂತಾಗಿತ್ತು. ಬೀಗರು ಮುಖ ಮುಖ ನೋಡಿಕೊಂಡರು. ಆರತಿ ತಟ್ಟೆ ಹಿಡಿದ ಮುತ್ತೈದೆಯರನ್ನು ಹಾಡಿ ಎಂದರೆ, ಮೈಕಿಗೆ ಹಾಡಿದರೆ ಗಂಟಲು ಹೋಗುತ್ತದೆ ಎಂದು ಒಬ್ಬರ ಹಿಂದೆ ಒಬ್ಬರು ಅಡಗಿದರು.

ನನಗೆ ಅದೆಲ್ಲಿಂದ ಧೈರ್ಯ ಬಂತೋ. ಪಕ್ಕದಲ್ಲಿ ತಂತಿ ಸರಿಮಾಡುತ್ತಿದ್ದ ಮೈಕಿನವನಿಗೆ ಮೆಲ್ಲಗೆ ಹೇಳಿದೆ: "ಅಣ್ಣಾ, ಹಿಂದ್ಗಡೆ ಉಗ್ರಾಣದ ಕಿಟಕಿ ಅದೆ. ಮೈಕು ಅಲ್ಲಿಗೆ ಕೊಡಿ. ಅತ್ತೆಗೆ ನಾನು ಹೇಳ್ದೆ ಅನ್ನಿ."

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಮರದ ಮೇಲಿನಿಂದ ಆರತಿ ಹಾಡು ಇಳಿಯಿತು. ಗೋಧೂಳಿಯ ಬೆಳಕು, ಹೊಂಗೆ ಹೂವಿನ ವಾಸನೆ, ಅದರೊಳಗೆ ಆ ದನಿ. ಅತ್ತೆ ಬಾಯಿ ತೆರೆದು ಹಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಚಪ್ಪರ, ಜನ, ಪಕ್ಕದಲ್ಲಿ ಕೂತ ಗಂಡ, ಎಲ್ಲ ದೂರ ಸರಿದು, ಹೊಗೆಸೊಪ್ಪಿನ ರಾಶಿಯ ಪಕ್ಕ ನಿದ್ದೆ ತೂಗುತ್ತಿದ್ದ ಹುಡುಗಿಯಾಗಿದ್ದೆ ನಾನು. "ಯಾವ ಪ್ಲೇಟಪ್ಪ ಇದು?" ಎಂದು ಬೀಗರು ಒಬ್ಬರನ್ನೊಬ್ಬರು ಕೇಳಿದರು. ಅತ್ತೆ ಹಾಡಿ ಎಷ್ಟೋ ವರ್ಷವಾಗಿತ್ತು, ಹಾರನ್ನಿನೊಳಗಿಂದ ಬಂದ ದನಿ ನಮ್ಮೂರವರಿಗೂ ಗುರುತು ಹತ್ತಲಿಲ್ಲ.

ಅಷ್ಟರಲ್ಲಿ ಅಜ್ಜಿಯನ್ನು ಕಂಡೆ. ಆರತಿ ತಟ್ಟೆ ಹಿಡಿದವಳು ಹಾಗೇ ನಿಂತುಬಿಟ್ಟಿದ್ದಳು. ಹೆತ್ತವಳಿಗೆ ದನಿ ಗೊತ್ತಾಗದೆ ಇರುತ್ತದೆಯೇ? ಅವಳು ಒಂದು ಮಾತು ಆಡಿದ್ದರೆ, ಗಂಡ ಸತ್ತವಳು ಆರತಿಗೆ ಹಾಡಿದಳೆಂದು ಊರೆಲ್ಲ ಅತ್ತೆಯನ್ನು ಜನ್ಮವಿಡೀ ಆಡಿಕೊಳ್ಳುತ್ತಿತ್ತು. ಹಾಡು ಮುಗಿಯಿತು. ಅಜ್ಜಿ ತಟ್ಟೆಯನ್ನು ಪಕ್ಕದವಳ ಕೈಗೆ ಕೊಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಮೈಕಿನವನ ಹತ್ತಿರ ಹೋದಳು.

"ಆ ಪ್ಲೇಟ ಇನ್ನೊಂದು ಕಿತ ಹಾಕಪ್ಪ" ಎಂದಳು.

ನನ್ನ ಗಂಡನ ತಾಯಿ ಎಷ್ಟೋ ವರ್ಷ ಆ ಪ್ಲೇಟಿಗಾಗಿ ನನ್ನ ಜೀವ ತಿಂದರು. ಅತ್ತೆ ನಮ್ಮ ಮನೆಗೆ ಬಂದಿದ್ದಾಗ ಅವಳೆದುರೇ ಕೇಳಿದ್ದೂ ಉಂಟು. ಅತ್ತೆ ಸೊಪ್ಪು ಸೋಸುತ್ತ, "ಹುಣಸೂರಲ್ಲಿ ಸಿಕ್ತದೇನೋ ಕಣವ್ವ" ಎಂದು ನಕ್ಕಿದ್ದಳು. ಮೈಕಿನವನನ್ನು ಬಿಟ್ಟರೆ ಗುಟ್ಟು ಅಜ್ಜಿ, ಅತ್ತೆ, ನಾನು, ಈ ಮೂವರಲ್ಲೇ ಉಳಿಯಿತು. ಆದರೆ ಅತ್ತೆ ಮತ್ತೆ ಯಾವ ಮದುವೆಗೂ ಹಾಡಲಿಲ್ಲ. ಆ ಸಂಜೆಯ ಋಣವನ್ನು ನಾನು ತೀರಿಸಲೂ ಇಲ್ಲ.

ಅವಳು ತೀರಿಕೊಂಡ ದಿನ ಹೋದಾಗ ಮೀಸಿ, ಹೊಸ ಸೀರೆ ಉಡಿಸಿ ಗೋಡೆಗೆ ಒರಗಿಸಿದ್ದರು. ಕಿವಿಯಲ್ಲಿ ಹಸಿ ಬೇವಿನ ಕಡ್ಡಿ. ಮೊನ್ನೆ ಮೊನ್ನೆ ಬದಲಾಯಿಸಿದ್ದಿರಬೇಕು. ಕಡ್ಡಿ ತೆಗೆದು, ನನ್ನ ಓಲೆ ಬಿಚ್ಚಿದೆ. "ಬ್ಯಾಡ ಕಣವ್ವ, ಹಂಗೆಲ್ಲ ಮಾಡ್ಬಾರ್ದು" ಎಂದು ಯಾರೋ ಅಂದರು. ನಾನು ಕೇಳಲಿಲ್ಲ.

ತೂತು ಮುಚ್ಚಿರಲಿಲ್ಲ. ಓಲೆ ಸಲೀಸಾಗಿ ಹೋಯಿತು.