ನಾಗವೇಣಿ ‘ಎ’ ಕೋರ್ಸಿಗೆ ಸೇರಿದ್ದು

ಅರ್ಜಿ ತುಂಬಿದವಳು ಸುಮಿತ್ರಾ. ಬರೋಡಾದ ಆ ಮನೆಯಲ್ಲಿ ಇಂಗ್ಲಿಷನ್ನು ತಡವರಿಸದೆ ಓದಬಲ್ಲವಳು ಅವಳೊಬ್ಬಳೇ, ಬೆಂಗಳೂರಿನ ಕಾನ್ವೆಂಟಿನಲ್ಲಿ ಕಲಿತವಳು. ಗಂಡ ಬಾಲಚಂದ್ರನಿಗೆ ಸ್ಟೇಷನ್ ಹತ್ತಿರದ ತನ್ನ ಉಡುಪಿ ಹೋಟೆಲೇ ಸ್ಕೂಲು, ಅದೇ ಕಾಲೇಜು. ಹಾಗಾಗಿ 1965ರ ಜೂನ್ ತಿಂಗಳಲ್ಲಿ ಅವನ ತಂಗಿ ನಾಗವೇಣಿಯನ್ನು ವಿಶ್ವವಿದ್ಯಾಲಯಕ್ಕೆ ಸೇರಿಸುವ ಹೊತ್ತು ಬಂದಾಗ, ಕಾಗದಪತ್ರವೆಲ್ಲ ಸುಮಿತ್ರಾಳ ತಲೆಗೆ ಬಂತು. ಸೊಂಟದ ಮೇಲೆ ಹತ್ತು ತಿಂಗಳ ಮಗಳು ಲಕ್ಷ್ಮಿ. ಅದಕ್ಕೆ ಹಲ್ಲು ಬರುವ ಜ್ವರ. ಅದು ಹಲ್ಲಿನ ಜ್ವರವೇ ಹೌದೋ ಅಲ್ಲವೋ ಎಂಬ ಚಿಂತೆ ಬೇರೆ.

ಮೊದಲ ವರ್ಷದ ಕೆಮಿಸ್ಟ್ರಿಯಲ್ಲಿ ಎರಡು ಬಗೆ. ‘ಎ’ ತೆಗೆದುಕೊಂಡರೆ ವಾರಕ್ಕೆ ಎರಡು ಮಧ್ಯಾಹ್ನ ಲ್ಯಾಬು, ಆಸಿಡ್ಡು, ಬರ್ನರು. ‘ಬಿ’ ಅಂದರೆ ಬರೀ ಪಾಠ. ಆಸಿಡ್ ಎಂಬ ಪದ ಕಂಡದ್ದೇ ತಡ, ಸುಮಿತ್ರಾ ಪೆನ್ನು ಕೆಳಗಿಟ್ಟಳು. ನಾದಿನಿ ಓದಿದ್ದು ಉಡುಪಿ ಕಡೆಯ ಕನ್ನಡ ಶಾಲೆಯಲ್ಲಿ. ಅಲ್ಲಿ ಲ್ಯಾಬೆಂದರೆ ಬೀಗ ಹಾಕಿದ ಒಂದು ಕಪಾಟು. ಯಾರಾದರೂ ತಳ್ಳಿ, ಏನಾದರೂ ಚೆಲ್ಲಿ, ಹುಡುಗಿಯ ಕಣ್ಣಿಗೆ ಬಿದ್ದರೆ? ಎರಡು ದಿನ ಯೋಚಿಸಿ ಅವಳು ‘ಬಿ’ಯ ಮುಂದೆ ಗುರುತು ಹಾಕಿದಳು. ಅತ್ತಿಗೆ ತುಂಬಿದ ಮೇಲೆ ನೋಡುವುದೇನು ಎಂದು ನಾಗವೇಣಿ ಓದದೆಯೇ ಸಹಿ ಮಾಡಿದಳು.

ಮರುವಾರ ಮಗುವನ್ನು ಮಲಗಿಸುತ್ತ ಸುಮ್ಮನೆ ವಿಶ್ವವಿದ್ಯಾಲಯದ ಕೈಪಿಡಿ ತಿರುವಿದಾಗ ಸುಮಿತ್ರಾಳ ಕಣ್ಣಿಗೆ ಒಂದು ಸಾಲು ಬಿತ್ತು. ‘ಬಿ’ ಓದಿದವರಿಗೆ ಮುಂದೆ ಕೆಮಿಸ್ಟ್ರಿ ಪದವಿಗೆ ಪ್ರವೇಶವಿಲ್ಲ.

ನಾಗವೇಣಿಗೆ ಬೇಕಾಗಿದ್ದುದು ಆ ಪದವಿಯೊಂದೇ. ಅವಳ ಹದಿಮೂರನೇ ವಯಸ್ಸಿಗೆ ಅಪ್ಪ ತೀರಿಕೊಂಡರು. ಹಿಂದಿನ ವರ್ಷ ಮೆಟ್ರಿಕ್ ಮುಗಿದ ಮೇಲೆ ಅಣ್ಣನ ಹಿಂದೆ ಬರೋಡಾಕ್ಕೆ ಬಂದಳು. ಬೆಳಿಗ್ಗೆ ಹೋಟೆಲಿನ ಚಟ್ನಿಗೆ ಕಾಯಿ ತುರಿದುಕೊಟ್ಟು, ಮಧ್ಯಾಹ್ನ ಪುಸ್ತಕ ಹಿಡಿಯುವವಳು. ಊರಲ್ಲಿ ಸಂಜೆ ಹುಳಿಯುವ ಹಿಟ್ಟು ಇಲ್ಲಿ ಮಧ್ಯಾಹ್ನಕ್ಕೇ ಏಕೆ ಉಕ್ಕುತ್ತದೆ, ಚಳಿಗಾಲದಲ್ಲಿ ಏಕೆ ಮುಷ್ಕರ ಹೂಡುತ್ತದೆ ಎಂದು ಅಡಿಗೆಭಟ್ಟರ ತಲೆ ತಿನ್ನುವವಳು. ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡಬೇಕೆಂದು ಅತ್ತಿಗೆಯ ಹತ್ತಿರ ಮಾತ್ರ ಹೇಳಿಕೊಂಡಿದ್ದಳು.

“ನಾಗವೇಣಿ, ದೊಡ್ಡ ತಪ್ಪು ಮಾಡ್ಬಿಟ್ಟೆ ಕಣೇ,” ಎಂದು ಸುಮಿತ್ರಾ ಕೈಪಿಡಿ ಮುಂದಿಟ್ಟಳು.

ನಾಗವೇಣಿ ಎರಡು ಸಲ ಓದಿದಳು. ಮೂಗಿನ ತುದಿ ಕೆಂಪಾಯಿತು.

“ಬೈಯೇ. ಒಂದ್ಸಲ ಬೈದುಬಿಡು.”

“ಬೈದ್ರೆ ಫಾರ್ಮು ಬದಲಾಗ್ತದಾ ಅತ್ತಿಗೆ? ಬೇರೆ ಸೀರೆ ಉಟ್ಕೊಳ್ಳಿ, ಹೋಗುವ.”

ಊಟಕ್ಕೆ ಬಂದಿದ್ದ ಬಾಲಚಂದ್ರ, “‘ಬಿ’ ಆದ್ರೆ ಎಂತಾಯ್ತು ಮಾರಾಯ್ತಿ? ಸಾದಾ ದೋಸೆ ತಿಂದವನ ಹೊಟ್ಟೆಯೂ ತುಂಬ್ತದೆ,” ಎಂದ.

“ಮಸಾಲೆ ಕೇಳಿದವನಿಗೆ ಸಾದಾ ಹೋದ್ರೆ ಗಲ್ಲಾ ಬಿಟ್ಟು ಓಡಿ ಬರೋರು ಯಾರು?” ಎಂದು ಸುಮಿತ್ರಾ ಮಗುವನ್ನೆತ್ತಿಕೊಂಡು ಹೊರಟೇಬಿಟ್ಟಳು.

ಆಫೀಸಿನ ಗುಮಾಸ್ತ ತಾರೀಕು ದಾಟಿತೆಂದ. ಬೇಕಾದರೆ ಪ್ರೊಫೆಸರ್ ವೋರಾ ಸಾಹೇಬರನ್ನು ಕೇಳಿ, ಅವರು ಬರೆದುಕೊಟ್ಟರೆ ಆದೀತು ಎಂದೂ ಸೇರಿಸಿದ. ವೋರಾ ಲ್ಯಾಬಿನಲ್ಲಿದ್ದರು: ಖಾದಿ ಅಂಗಿ, ಸಣಕಲು ಮೈ, ಕನ್ನಡಕ ಹಣೆಯ ಮೇಲೆ. ಅರ್ಜಿ ನೋಡಿ ಅಡ್ಡಡ್ಡ ತಲೆಯಾಡಿಸಿ, ಗುಜರಾತಿಯಲ್ಲಿ ಅಕ್ಕ ಎಂಬಂತೆ ಸುಮಿತ್ರಾಳನ್ನು ಕರೆದು ಹೇಳಿದರು.

“ಬೆನ್, ಶಾಲೆಯಲ್ಲಿ ಪ್ರಾಕ್ಟಿಕಲ್ ಮುಟ್ಟದ ಹುಡುಗಿ ಇದು. ‘ಎ’ಗೆ ಬಂದು ದೀಪಾವಳಿಯೊಳಗೆ ಅಳುತ್ತ ವಾಪಸು ಹೋಗ್ತಾಳೆ. ಪ್ರತಿ ವರ್ಷ ನೋಡ್ತೀನಿ.”

ಹೋಟೆಲಿನ ಹಾಲಿನವಳಿಂದ ಕಲಿತ ಗುಜರಾತಿಯಲ್ಲಿ ನಾಗವೇಣಿ ಬಾಯಿಬಿಟ್ಟಳು. “ಒಂದು ಸಲ ಪರೀಕ್ಷೆ ಮಾಡಿ ಸಾಹೇಬ್. ಆಗದಿದ್ರೆ ನಾನೇ ಹೋಗ್ತೇನೆ.”

ವೋರಾ ಚೀಟಿಯಿಲ್ಲದ ಮೂರು ಬಾಟಲಿ ತಂದಿಟ್ಟರು. “ಮೂಸಿ ಹೇಳು. ನಾಲಿಗೆಗೆ ಹಾಕಬೇಡ.”

ಮೂಸಿ ಬಿದ್ದುಬಿಟ್ಟರೆ? ಸುಮಿತ್ರಾ ಮಗುವಿನ ಮೂಗಿಗೆ ಸೆರಗು ಮುಚ್ಚಿ ಬಾಗಿಲ ಕಡೆ ಸರಿದಳು.

ನಾಗವೇಣಿ ಬಿರಡೆ ತೆಗೆದು ಬಾಟಲಿಯನ್ನು ತೋಳಳತೆ ದೂರದಲ್ಲಿ ಹಿಡಿದಳು. ಮುಖವನ್ನು ಹತ್ತಿರ ಒಯ್ಯಲೇ ಇಲ್ಲ. ಬಲ ಅಂಗೈಯನ್ನು ಬಾಟಲಿಯ ಬಾಯಿಯ ಮೇಲೆ ಮೆಲ್ಲಗೆ ಬೀಸಿ, ಗಾಳಿಯನ್ನು ಚೂರೇ ಚೂರು ತನ್ನ ಕಡೆ ಕರೆದುಕೊಂಡಳು.

ಸುಮಿತ್ರಾ ಇದನ್ನು ಎಷ್ಟು ಸಲ ಕಂಡಿರಲಿಲ್ಲ! ಈ ಮನೆಯಲ್ಲಿ ನೈವೇದ್ಯದ ಅಡಿಗೆಯನ್ನು ಯಾರೂ ರುಚಿ ನೋಡುವಂತಿಲ್ಲ, ಪಾತ್ರೆಯ ಮೇಲೆ ಬಗ್ಗಿ ಮೂಸುವಂತೆಯೂ ಇಲ್ಲ. ಹುಳಿ, ಮಸಾಲೆ ಸರಿಯಾಯಿತೋ ಎಂದು ತಿಳಿಯಲು ದೂರ ನಿಂತು ಅಂಗೈಯಲ್ಲಿ ಆವಿ ಬೀಸಿಕೊಳ್ಳಬೇಕು. ನಾಗವೇಣಿ ಹತ್ತು ವರ್ಷದವಳಿದ್ದಾಗಿನಿಂದ ಮಾಡಿದ್ದು ಅದೇ. ಮದುವೆಯಾದ ಹೊಸತರಲ್ಲಿ ಸುಮಿತ್ರಾ ಅದನ್ನು ನೋಡಿ ಸೆರಗು ಬಾಯಿಗಿಟ್ಟು ನಕ್ಕಿದ್ದಳು.

“ಇದು ಸರ್ಕೋ, ವಿನಿಗರ್,” ಎಂದಳು ನಾಗವೇಣಿ. ಎರಡನೆಯದಕ್ಕೆ ಕಣ್ಣಲ್ಲಿ ನೀರು ಬಂತು. ಫಕ್ಕನೆ ಬಿರಡೆ ಹಾಕಿ, “ಅಮೋನಿಯಾ,” ಎಂದಳು.

ಮೂರನೆಯದಕ್ಕೆ ತಡೆದು ನಿಂತಳು. ವಾಸನೆ ಬಾಗಿಲ ತನಕ ಬಂತು. ಹೈಡ್ರೋಜನ್ ಸಲ್ಫೈಡ್ ಎಂದರೆ ಕೊಳೆತ ಮೊಟ್ಟೆಯ ವಾಸನೆ ಎಂದು ತನ್ನ ಪುಸ್ತಕದಲ್ಲಿ ಓದಿದ್ದು ಸುಮಿತ್ರಾಳಿಗೆ ನೆನಪಿತ್ತು. ಆದರೆ ಮೊಟ್ಟೆ ಹೊಸ್ತಿಲು ದಾಟದ ಮನೆಯ ಹುಡುಗಿಗೆ ಅದು ತಿಳಿಯುವುದು ಹೇಗೆ?

“ಸಾಹೇಬ್, ಪುಸ್ತಕದಲ್ಲಿ ಮೊಟ್ಟೆ ಅಂತ ಬರೆದದ್ದು ಇದನ್ನೇ ಇರಬೇಕು. ನಾನು ಮೊಟ್ಟೆ ಮೂಸಿದವಳಲ್ಲ. ನನಗಿದು ಹಿಂದಿನ ದಿನ ಮಾಡಿ ಮುಚ್ಚಿಟ್ಟ ಮೂಲಂಗಿ ಹುಳಿ.”

ವೋರಾ ಕುರ್ಚಿ ಅಲುಗಾಡುವಂತೆ ನಕ್ಕರು. “ನಾನು ಜೈನ, ನೆಲದೊಳಗೆ ಬೆಳೆಯುವ ಮೂಲಂಗಿಯನ್ನೂ ಮುಟ್ಟೋನಲ್ಲ! ಇಪ್ಪತ್ತು ವರ್ಷದಿಂದ ಹುಡುಗರಿಗೆ ಕೊಳೆತ ಮೊಟ್ಟೆ, ಕೊಳೆತ ಮೊಟ್ಟೆ ಅಂತ ಪಾಠ ಹೇಳಿದ್ದೀನಿ. ಮೊಟ್ಟೆ ಹೇಗೆ ನಾರುತ್ತೆ ಅಂತ ನನಗೆ ಗೊತ್ತಾದದ್ದು ಈ ಬಾಟಲಿಯಿಂದ.” ಆಮೇಲೆ ಕನ್ನಡಕ ಇಳಿಸಿ ಸುಮಿತ್ರಾಳ ಕಡೆ ತಿರುಗಿದರು. “ಹೆಸರು ಯಾರಾದರೂ ಬಾಯಿಪಾಠ ಮಾಡ್ತಾರೆ ಬೆನ್. ಬಾಟಲಿಗೆ ಮೂಗು ತುರುಕಬೇಡಿ ಅಂತ ಕಲಿಸೋದಕ್ಕೆ ನನಗೆ ಅರ್ಧ ವರ್ಷ ಹೋಗುತ್ತೆ. ಈಕೆ ಎಲ್ಲಿ ಕಲಿತಳು?”

“ನಮ್ಮ ಮನೇಲಿ ಸಾಹೇಬ್,” ಎಂದಳು ಸುಮಿತ್ರಾ. ಧ್ವನಿ ಅವಳಿಗೇ ಗುರುತು ಸಿಗದಷ್ಟು ಗಟ್ಟಿಯಾಗಿತ್ತು. ‘ಬಿ’ಯನ್ನು ಹೊಡೆದುಹಾಕಿ ‘ಎ’ ಬರೆದು ವೋರಾ ಸಹಿ ಮಾಡಿದರು.

ಸುಮಿತ್ರಾಳ ಚಿಂತೆ ಅಲ್ಲಿಗೇನೂ ನಿಲ್ಲಲಿಲ್ಲ. ಸುಟ್ಟ ಗಾಯದ ಮುಲಾಮು ಕೊಂಡು ನಾಗವೇಣಿಯ ಚೀಲಕ್ಕೆ ಹಾಕಿದಳು. ಲ್ಯಾಬಿರುವ ದಿನ ಅವಳು ಮನೆಗೆ ಬರುವ ತನಕ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ. ದೀಪಾವಳಿ ಬಂತು, ಹೋಯಿತು; ನಾಗವೇಣಿ ಅಳುತ್ತ ವಾಪಸು ಬರಲಿಲ್ಲ. ಡಿಸೆಂಬರಿನ ಒಂದು ಸಂಜೆ ಬಂದಾಗ ಮಾತ್ರ ಅವಳ ಬಲಗೈ ಬೆರಳುಗಳೆಲ್ಲ ಕಪ್ಪು ಕಲೆ.

ಮೆಟ್ಟಿಲಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದ ಪಕ್ಕದ ಮನೆಯ ಇಂದುಬೆನ್ ಬಾಯಿಗೆ ಕೈಯಿಟ್ಟರು. “ಅರೆ ರೇ! ಕೈ ಹೀಗಿದ್ದರೆ ಈ ಹುಡುಗಿಗೆ ಗಂಡು ಎಲ್ಲಿ ಸಿಗ್ತಾನೆ?”

ಬೇರೆ ದಿನವಾಗಿದ್ದರೆ ಆ ಒಂದು ಮಾತಿಗೆ ಸುಮಿತ್ರಾ ಎಂಟು ದಿನ ಕೊರಗುತ್ತಿದ್ದಳು. ಈಗ ನಾದಿನಿಯ ಕೈಯನ್ನು ಎಳೆದು, ಇಂದುಬೆನ್‌ರ ಮುಂದೆ ಬಳೆ ತೋರಿಸುವ ಹಾಗೆ ಹಿಡಿದಳು.

“ಲ್ಯಾಬಿನ ಸಿಲ್ವರ್ ನೈಟ್ರೇಟ್ ಕಲೆ, ಇಂದುಬೆನ್. ‘ಬಿ’ ಓದೋರಿಗೆ ಇದು ಸಿಗೋದಿಲ್ಲ.”

“ಅತ್ತಿಗೆ, ಕೈ ಬಿಡಿ,” ಎಂದಳು ನಾಗವೇಣಿ, ನಾಚಿಕೊಂಡು. “ಹಸಿವಾಗ್ತದೆ.”