ಕೋಟೆ ಕಾವಲುಗಾರ ಒಪ್ಪಿದ ಮದುವೆ

ಶಿಡ್ಲಘಟ್ಟದ ನಮ್ಮ ಕಂಪ್ಯೂಟರ್ ಸೆಂಟರಿನಲ್ಲಿ ಷಮೀಮ್ ಪಾಠ ಹೇಳುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಟೈಪಿಂಗ್ ಕಲಿಸುವವಳು ನಾನು. ತೊಂಬತ್ತೇಳರ ಬೇಸಿಗೆಯಲ್ಲಿ ಅವಳು ತಾನೇ ಒಂದು ಆಟ ಬರೆದಳು ನೋಡಿ, ನನ್ನ ಹುಡುಗಿಯರೆಲ್ಲ ಮಿಷನ್ ಬಿಟ್ಟು ಅಲ್ಲಿಗೇ ಓಡಿದರು! ಚಿತ್ರವಿಲ್ಲ, ಸದ್ದಿಲ್ಲ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದ ಸಾಲುಗಳಷ್ಟೆ. ಅಂಬಾಜಿದುರ್ಗದ ಕೋಟೆಗೆ ನುಗ್ಗಬೇಕು, ರಾಕ್ಷಸನನ್ನು ಕೊಲ್ಲಬೇಕು, ಕೊನೆಗೆ ಕೋಟೆಯೊಳಗೆ ಮನಸ್ಸಿಗೆ ಬಂದವರನ್ನು ಮದುವೆಯಾಗಬೇಕು. ನನಗಂತೂ ಹುಚ್ಚೇ ಹಿಡಿದಿತ್ತು.

ಷಮೀಮಳದು ರೇಷ್ಮೆ ನೂಲು ಬಿಚ್ಚುವ ಮನೆ. ಚರಕದಲ್ಲಿ ಎಳೆ ಕಡಿದರೆ ಕೈಗೆ ಸಿಕ್ಕ ಗೂಡಿನ ಎಳೆಯನ್ನು ಸೇರಿಸುವುದು ಅವಳಿಗೆ ಚಿಕ್ಕಂದಿನ ಅಭ್ಯಾಸ. ಆಟದ ಮದುವೆಯನ್ನೂ ಹಾಗೇ ಬರೆದುಬಿಟ್ಟಿದ್ದಳು: ಯಾರು ಯಾರನ್ನು ಕೇಳಿದರೂ ಕೂಡಿಸು. ಗಂಡೋ ಹೆಣ್ಣೋ ಎಂದು ನೋಡುವ ಸಾಲು ಹಾಕಲು ಮರೆತೇ ಹೋಗಿತ್ತು.

ಮಂಡಿಕಲ್ಲಿನಿಂದ ಕಲಿಯಲು ಬರುತ್ತಿದ್ದ ಕೋನಪ್ಪ ಒಂದು ದಿನ ಆಟದ ರಾಜಕುಮಾರಿಯನ್ನು ಬಿಟ್ಟು ಕೋಟೆಯ ಕಾವಲುಗಾರನನ್ನು ಕೇಳಿದ. ಕಾವಲುಗಾರ ಒಪ್ಪಿದ. ಕ್ಲಾಸಿನವರು ಬಿದ್ದು ಬಿದ್ದು ನಕ್ಕರು. ಸುದ್ದಿ ಮುಟ್ಟಿದ್ದೇ ಸೆಂಟರಿನ ಮಾಲೀಕ ಚೆನ್ನರಾಯಪ್ಪನವರು ಕೆಂಡವಾದರು. ಸಂಜೆಯೊಳಗೆ ಆ ತಪ್ಪು ಸರಿಮಾಡದಿದ್ದರೆ ನಾಳೆಯಿಂದ ಬರಬೇಡ ಎಂದು ಷಮೀಮಳಿಗೆ ಹೇಳಿ ಹೋದರು.

ಎಲ್ಲರೂ ಎದ್ದುಹೋದ ಮೇಲೆ ಕೋನಪ್ಪ ಅವಳ ಮುಂದೆ ಬಂದು ನಿಂತ. ಮುಖ ಎತ್ತಲಿಲ್ಲ.

“ತೆಗೀಬೇಡಿ ಅಕ್ಕ. ನನ್ನಂಥೋನಿಗೆ ಹೂಂ ಅಂದಿರೋನು ಅವನೊಬ್ನೇ.”

ಬಾಗಿಲಲ್ಲಿ ನಿಂತಿದ್ದ ನನಗೂ ಅದು ಕೇಳಿಸಿತು. ಷಮೀಮ್ ಕೀಬೋರ್ಡ್ ಎಳೆದುಕೊಂಡಳು. ತೆಗೆಯುತ್ತಿದ್ದಾಳೆಂದೇ ತಿಳಿದೆ, ಮೈಯೆಲ್ಲ ಉರಿಯಿತು. ಆದರೆ ಕೆಲಸ ಹೋದರೆ ಮತ್ತೆ ಮನೆಯ ಚರಕದ ಮುಂದೆ ಗೂಡು ಬೇಯುವ ಬಿಸಿನೀರಿಗೆ ಕೈಯಿಡಬೇಕು, ಅವಳಾದರೂ ಏನು ಮಾಡಿಯಾಳು?

ಸಂಜೆ ಚೆನ್ನರಾಯಪ್ಪನವರು ಬಂದು, ಸರಿಮಾಡಿದೆಯಾ ಎಂದು ಕೇಳಿದರು.

“ಮಾಡಿದೀನಿ ಸಾರ್. ಅದು ತಪ್ಪಲ್ಲ, ಬೇಕಂತ್ಲೇ ಬರ್ದಿದ್ದು. ಒಂದು ಸಾಲು ಮಾತ್ರ ಕಮ್ಮಿ ಇತ್ತು.”

ಹಾಗೆಂದವಳೇ ಕೋನಪ್ಪನನ್ನು ಕರೆದು ಆಡಲು ಕೂರಿಸಿದಳು. ಅವನು ಈ ಸಲವೂ ಕಾವಲುಗಾರನನ್ನೇ ಕೇಳಿದ. ಕಾವಲುಗಾರ ಒಪ್ಪಿದ. ಅದರ ಕೆಳಗೆ ಹೊಸದೊಂದು ಸಾಲು ಮೂಡಿತು. ಕೋನಪ್ಪ ಅದನ್ನು ಚೆನ್ನರಾಯಪ್ಪನವರ ಎದುರಿಗೇ ಗಟ್ಟಿಯಾಗಿ ಓದಿದ.

“ಊರೆಲ್ಲಾ ಮದುವೆಗೆ ಬಂತು.”

ನಂಬಿಕೆ ಬರದೆ ಮತ್ತೊಮ್ಮೆ ಓದಿದ. ಷಮೀಮ್ ಬ್ಯಾಗು ಹೆಗಲಿಗೇರಿಸಿಕೊಂಡಳು. ನನಗೆ ತಡೆಯಲಾಗಲಿಲ್ಲ, ಹೋದರೆ ಇಬ್ಬರ ಕೆಲಸವೂ ಹೋಗಲಿ ಎಂದು ಜೋರಾಗಿ ಚಪ್ಪಾಳೆ ತಟ್ಟಿದೆ.