ಹೆಜ್ಜೇನು ಎದ್ದ ಬೆಳಿಗ್ಗೆ

ಹೆಜ್ಜೇನು ಎದ್ದಾಗ ನಾನು ಯಜಮಾನರ ಗಾಲಿಕುರ್ಚಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ನಾಲ್ಕೋ ಐದೋ ಎಂದು ಆಮೇಲೆ ಎಷ್ಟೋ ಸಲ ಮನಸ್ಸಿನಲ್ಲೇ ಅಳೆದು ನೋಡಿದ್ದೇನೆ. ನಾಲ್ಕೇ.

ಮನೆಗಳಿಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್ ನಾನು. ಊರು ನಿಟ್ಟೂರಿನ ಹತ್ತಿರ. ಆ ಚಳಿಗಾಲ ತುಮಕೂರಿನ ಸದಾಶಿವನಗರದ ಒಂದು ದೊಡ್ಡ ಮನೆತನದಲ್ಲಿ ಕೆಲಸಕ್ಕಿದ್ದೆ. ಯಜಮಾನರಿಗೆ ಎಂಬತ್ತು ದಾಟಿತ್ತು. ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದ್ದವು, ಮಾತು ನಿಂತಿತ್ತು. ಹೆಬ್ಬೂರು ದಾಟಿ ಕುಣಿಗಲ್ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಕೆರೆಯ ದಂಡೆಯಲ್ಲಿ ಅವರದೊಂದು ತೋಟದ ಮನೆ. ಕಾರ್ತಿಕ ಮುಗಿದ ಮೇಲೆ ಸಂಕ್ರಾಂತಿಯವರೆಗೆ ಸಂಸಾರವೆಲ್ಲ ಅಲ್ಲಿಗೆ ಹೋಗಿರುವುದು ಯಜಮಾನರೇ ಹಾಕಿಕೊಟ್ಟ ರೂಢಿ. ಆ ವರ್ಷ ಅವರನ್ನೂ ಕರೆದುಕೊಂಡು ಹೋದರು, ಜೊತೆಗೆ ನನ್ನನ್ನೂ.

ಅವರು ಚಳಿಗಾಲವನ್ನು ಅನುಭವಿಸುತ್ತಿದ್ದ ಬಗೆ ನನಗೆ ಹೊಸದು. ನಮ್ಮ ಮನೆಯಲ್ಲಿ ಮಂಜು ಬಿದ್ದರೆ ಅವರೆಗೆ ಒಳ್ಳೆಯದು ಎನ್ನುತ್ತಾರೆ, ಅಷ್ಟೆ. ಅಲ್ಲಿ ಮಂಜನ್ನು ನೋಡುವುದಕ್ಕೆಂದೇ ಬೆಳಿಗ್ಗೆ ಆರಕ್ಕೆ ಎದ್ದು, ಶಾಲು ಹೊದ್ದು, ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಸಾಲಾಗಿ ಕೂರುತ್ತಿದ್ದರು. ಕೆರೆಗೆ ಬಂದಿಳಿದ ಹೆಜ್ಜಾರ್ಲೆಗಳನ್ನು ದುರ್ಬೀನಿನಲ್ಲಿ ನೋಡಿ, ನಿನ್ನೆಗಿಂತ ಹೆಚ್ಚೋ ಕಡಿಮೆಯೋ ಎಂದು ವಾದ ಮಾಡುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಹೆಮ್ಮೆ ಅಂಗಳದಾಚೆಯ ಗೋಣಿಮರದ್ದು. ಪ್ರತಿ ಚಳಿಗಾಲ ಅದರ ಕೊಂಬೆಗಳಿಗೆ ಹೆಜ್ಜೇನು ಬಂದು ಕಟ್ಟುತ್ತಿತ್ತು. ಆ ವರ್ಷ ಏಳು ಹುಟ್ಟುಗಳಿದ್ದವು. ನೆಂಟರು ಬಂದರೆ ಕಾಫಿಗಿಂತ ಮೊದಲು ಮರದ ದರ್ಶನ. "ಒಂದ್ ಹನಿ ತುಪ್ಪಾನೂ ನಾವು ಕೀಳಿಸಲ್ಲ. ಅವೂ ನಮ್ಮನೆ ಮಕ್ಳೇ" ಎಂದು ಯಜಮಾನರ ಮಗ ಹೇಳುತ್ತಿದ್ದರು.

ತೋಟ ನೋಡಿಕೊಳ್ಳುವ ಆಳು, ಐವತ್ತರ ಆಸುಪಾಸಿನವನು, ಹೆಂಡತಿಯೊಂದಿಗೆ ತೋಟದ ಮೂಲೆಯ ಎರಡು ಕೋಣೆಯಲ್ಲಿದ್ದ. ಮದುವೆಯಾದ ವರ್ಷ ಬಂದವನು, ಬೇರೆ ಮನೆ ಮಾಡಿರಲಿಲ್ಲ. ಮೊದಲ ದಿನವೇ ನನ್ನನ್ನು ಮರದ ಹತ್ತಿರ ತಡೆದ.

"ಸಿಸ್ಟರಮ್ಮ, ಹಿಂಗೆ ಘಮಘಮ ಅಂತ ಪೌಡ್ರು ಬಳ್ಕಂಡು ಹುಳದ ಕೆಳಗೆ ಓಡಾಡ್‌ಬ್ಯಾಡಿ."

"ನಿಮ್ಮ ಸಾರು ಮಕ್ಕಳು ಅಂತಾರಲ್ಲ?"

"ಅವ್ರು ಅಂತಾರೆ. ಹುಳಕ್ಕೇನ್ ಗೊತ್ತು, ಯಾರಪ್ಪ ಯಾರು ಅಂತ!"

ಯಜಮಾನರಿಗೆ ಗೀಸರ್ ನೀರು ಒಗ್ಗದು. ಅವರೊಬ್ಬರಿಗಾಗಿ ಆತ ದಿನಾ ಬೆಳಿಗ್ಗೆ ಮನೆಯ ಹಿಂದೆ ಹಂಡೆಯ ಒಲೆಗೆ ತೆಂಗಿನ ಮಟ್ಟೆ ಹಾಕಿ ನೀರು ಕಾಯಿಸುತ್ತಿದ್ದ. ಹೊಗೆ ಕೆರೆಯ ಕಡೆಗೆ ಹೋಗುತ್ತಿತ್ತು. ಸ್ನಾನ ಮುಗಿದ ಕೂಡಲೇ ಕೆಂಡಕ್ಕೆ ಒಂದು ಬಿಂದಿಗೆ ನೀರು ಸುರಿದುಬಿಡುತ್ತಿದ್ದ, ಪಕ್ಕದಲ್ಲೇ ಒಣಗರಿ ಪೇರಿಸಿಟ್ಟಿದ್ದರಿಂದ. ಅಷ್ಟು ದಿನದಲ್ಲಿ ಆ ಹೊಗೆಗೆ ಒಂದು ಹುಳವೂ ಎದ್ದದ್ದನ್ನು ನಾನು ಕಾಣೆ.

ಆ ಭಾನುವಾರ ಏಳು ಗಂಟೆಗೆ ಯಜಮಾನರಿಗೆ ಸ್ನಾನ ಮಾಡಿಸಿದೆ. ಬೆನ್ನು ಒರೆಸುತ್ತಿದ್ದಾಗ ಹಿಂದುಗಡೆ ಕೆಂಡಕ್ಕೆ ನೀರು ಬಿದ್ದು ಚುಂಯ್ ಎಂದಿತು. ತಿಂಡಿಯಾದ ಮೇಲೆ, ಎಂಟೂ ಹತ್ತಕ್ಕೆ ಮಾತ್ರೆ ಕೊಟ್ಟು ಪುಸ್ತಕದಲ್ಲಿ ಬರೆದೆ. ಎಂಟೂವರೆಗೆ ಅಂಗಳಕ್ಕೆ ಎಳೆಬಿಸಿಲು ಬಂತು. ಕುರ್ಚಿ ತಳ್ಳಿಕೊಂಡು ಹೋಗಿ ಬಿಸಿಲಿಗೆ ನಿಲ್ಲಿಸಿದೆ. ಅಂಗಳ ಕೆರೆಯ ಕಡೆಗೆ ಇಳಿಜಾರು. ಎರಡೂ ಗಾಲಿಗೆ ಬ್ರೇಕ್ ಹಾಕಿದೆ.

ಹಿಂದಿನ ದಿನ ಯಜಮಾನರ ಮಗಳು, ಅಳಿಯ ಬಂದಿದ್ದರು. ಅಳಿಯಂದಿರು ಡ್ರೋನ್ ತಂದಿದ್ದರು. ಅಂಗಳದಲ್ಲಿ ಅದನ್ನು ಮೇಲಕ್ಕೆ ಬಿಡುತ್ತ, "ಮಾವ, ಒಂದ್ ನಿಮಿಷ ಇರಿ. ನಿಮ್ ಜೇನನ್ನ ಯಾರೂ ನೋಡದೇ ಇರೋಷ್ಟು ಹತ್ರದಿಂದ ತೋರಿಸ್ತೀನಿ" ಎಂದರು. ಯಜಮಾನರು ಎಡಗೈ ಎತ್ತಿ ಅಡ್ಡಡ್ಡ ಆಡಿಸಿದರು. ಅದನ್ನು ನಾನು ನೋಡಿದೆ. ಮನೆಯ ಅಳಿಯನಿಗೆ ಬೇಡ ಎನ್ನಲು ನಾನು ಯಾರು ಎಂದುಕೊಂಡು ಸುಮ್ಮನಿದ್ದೆ. ಅವರ ಶಾಲು ತರಲೆಂದು ಜಗಲಿಯ ಕಡೆ ನಾಲ್ಕು ಹೆಜ್ಜೆ ಇಟ್ಟು ತಿರುಗಿ ನೋಡಿದೆ.

ಡ್ರೋನ್ ಎಲ್ಲಕ್ಕಿಂತ ಕೆಳಗಿನ ಹುಟ್ಟಿನ ಎದುರು ನಿಂತು ಗುಂಯ್‌ಗುಡುತ್ತಿತ್ತು. ಹುಟ್ಟಿನ ಮೈಮೇಲೆ ಒಂದು ಅಲೆ ಹಾದುಹೋಯಿತು. ಮತ್ತೊಂದು. "ವಾವ್" ಎಂದು ಅಳಿಯಂದಿರು ಅದನ್ನು ಇನ್ನೂ ಹತ್ತಿರಕ್ಕೆ ಒಯ್ದರು. ಆಗ ಹುಟ್ಟಿನ ಕೆಳಭಾಗ ಕಪ್ಪು ಬಟ್ಟೆಯ ಹಾಗೆ ಕಳಚಿಕೊಂಡಿತು.

ಅಳಿಯಂದಿರು ರಿಮೋಟ್ ಎಸೆದು ಮನೆಯೊಳಗೆ ಓಡಿದರು. ನಾನು ಕುರ್ಚಿಯ ಹತ್ತಿರ ಓಡಿ ತಳ್ಳಿದೆ. ಅಲುಗಲಿಲ್ಲ. ಇನ್ನೊಂದು ಸಲ ತಳ್ಳಿದೆ. ಯಜಮಾನರ ಬೋಳುತಲೆಯ ಮೇಲೆ ಹುಳಗಳು ಕೂರುವುದು ಕಾಣುತ್ತಿತ್ತು. ಅವರು ಒಂದು ಕೈಯಲ್ಲಿ ಕಣ್ಣು ಮುಚ್ಚಿಕೊಂಡಿದ್ದರು. ನಾನು ಬರೀ ತಳ್ಳುತ್ತಲೇ ಇದ್ದೆ. ಬ್ರೇಕ್ ಹಾಕಿದವಳು ನಾನೇ ಎಂಬುದು ನನ್ನ ತಲೆಗೆ ಬರಲಿಲ್ಲ.

ತೋಟದ ಆಳು ತನ್ನ ಕೋಣೆಯಿಂದ ಕಂಬಳಿ ಹಿಡಿದು ಓಡಿ ಬಂದ. ಅದನ್ನು ನಮ್ಮಿಬ್ಬರ ಮೇಲೆ ಎಸೆದು, ಬಗ್ಗಿ ಎರಡೂ ಬ್ರೇಕ್ ಬಿಡಿಸಿ, ಕುರ್ಚಿಯನ್ನು ಹಿಂದುಹಿಂದಕ್ಕೆ ಎಳೆದುಕೊಂಡು ಒಳಗೆ ಸೇರಿಸಿದ. ಅವನ ತಲೆ, ಕತ್ತಿನ ಮೇಲೆ ಏನೂ ಇರಲಿಲ್ಲ.

ಮಧ್ಯಾಹ್ನ ನಾವೆಲ್ಲ ತುಮಕೂರಿನ ಆಸ್ಪತ್ರೆಯಲ್ಲಿದ್ದೆವು. ಯಜಮಾನರು ಐಸಿಯುನಲ್ಲಿ. ತೋಟದ ಆಳಿಗೆ ಕೆಳಗಿನ ವಾರ್ಡಿನಲ್ಲಿ ಡ್ರಿಪ್ ಹಾಕಿದ್ದರು. ಐಸಿಯು ಹೊರಗಿನ ಕುರ್ಚಿಗಳಲ್ಲಿ ಮಗ, ಮಗಳು, ತುಟಿ ಊದಿದ ಅಳಿಯ.

"ಹೊಗೆಗೇ ಎದ್ದಿರೋದು" ಎಂದರು ಅಳಿಯಂದಿರು. "ಬೆಳಿಗ್ಗೆಯಿಂದ ಮಟ್ಟೆ ಉರಿಸ್ತಾನೇ ಇದ್ದ ಅವ್ನು."

ಮಗ ನನ್ನ ಕಡೆ ತಿರುಗಿದರು. "ಸಿಸ್ಟರ್, ನೀವಲ್ಲೇ ಇದ್ರಲ್ಲ. ಹೊಗೆ ಇತ್ತಾ?"

"ಇತ್ತು ಸಾರ್" ಎಂದೆ.

ಸುಳ್ಳಲ್ಲ. ಆರೂವರೆಗೆ ಹೊಗೆ ಇತ್ತು. ಎಂಟೂವರೆಗೆ ಇರಲಿಲ್ಲ ಎಂದು ಸೇರಿಸಿದ್ದರೆ ಮುಂದಿನ ಪ್ರಶ್ನೆ ಬರುತ್ತಿತ್ತು, ಅದರ ಮುಂದಿನದು ಕುರ್ಚಿ ಯಾಕೆ ಅಲ್ಲೇ ನಿಂತಿತ್ತು ಎಂಬುದಾಗಿರುತ್ತಿತ್ತು. ಅದಕ್ಕೆ ಹೆದರಿ ಅಲ್ಲಿಗೇ ನಿಲ್ಲಿಸಿದೆ. ಮಗ ಎದ್ದು ಕೆಳಗಿನ ವಾರ್ಡಿಗೆ ಹೋಗಿ ಬಂದರು. "ನಾಳೆ ಸಂಜೆಯೊಳಗೆ ಖಾಲಿ ಮಾಡು ಅಂದಿದೀನಿ" ಎಂದು ತಂಗಿಗೆ ಹೇಳಿದರು.

ನಾನು ಮೆಟ್ಟಿಲಿಳಿದು ವಾರ್ಡಿಗೆ ಹೋದೆ. ಆತನ ಮುಖ ಗುರುತು ಸಿಗದಷ್ಟು ಊದಿತ್ತು. ಒಂದು ಕಣ್ಣು ಮಾತ್ರ ತೆರೆದಿತ್ತು.

"ಹೊಗೆ ಇತ್ತು ಅಂದ್ರಂತೆ ಸಿಸ್ಟರಮ್ಮ."

"ಅಂದೆ."

"ನಾನು ಒಲೆ ಆರ್ಸಿದ್ದು ನಿಮ್ಗೆ ಕೇಳಿಸ್ನಿಲ್ವಾ?"

"ಕೇಳಿಸ್ತು."

"ಬುಡಿ. ಮನೆ ಅಳಿಯನ ಮ್ಯಾಲೆ ತಪ್ಪು ಹೊರ್ಸಕಾಯ್ತದಾ? ಮಗಳು ಬಾಳ್ಬೇಕಲ್ಲ. ನಮ್ಮೋಳು ಆಗ್ಲೇ ಪಾತ್ರೆಪಗಡ ಮೂಟೆ ಕಟ್ತಾವ್ಳಂತೆ, ಫೋನ್ ಮಾಡಿದ್ಲು. ಎಲ್ಲಿಗೆ ಅಂತ ಕೇಳ್ತಾವ್ಳೆ. ಏನಂತ ಹೇಳ್ಲಿ?"

ಬ್ರೇಕಿನ ಮಾತನ್ನು ಆತ ಎತ್ತಲಿಲ್ಲ. ಅದನ್ನು ನೋಡಿದವನು ಆತನೊಬ್ಬನೇ. ಬಯ್ದಿದ್ದರೆ ನಾನು ಬಹುಶಃ ತಿರುಗಿ ಏನಾದರೂ ಅನ್ನುತ್ತಿದ್ದೆ.

ಮೇಲೆ ಹೋದೆ. ಕೂತುಕೊಂಡು ಹೇಳಲಾಗದೆ ನಿಂತೇ ಹೇಳಿದೆ. "ಸಾರ್, ಆಗ ಹೇಳಿದ್ದು ಪೂರ್ತಿ ಅಲ್ಲ." ಏಳಕ್ಕೆ ಸ್ನಾನ, ಆಗಲೇ ಆರಿದ ಒಲೆ, ಎಂಟೂ ಹತ್ತಕ್ಕೆ ಮಾತ್ರೆ, ಎಂಟೂವರೆಗೆ ಬಿಸಿಲು, ಡ್ರೋನ್, ಅಲ್ಲಾಡಿದ ಎಡಗೈ, ಎರಡು ಅಲೆ. ಕೊನೆಗೆ ಬ್ರೇಕ್.

"ನಾನು ಅಷ್ಟು ಹತ್ರ ಹೋಗೇ ಇಲ್ಲ" ಎಂದರು ಅಳಿಯಂದಿರು.

ಅವರ ಹೆಂಡತಿ ನೆಲ ನೋಡುತ್ತಲೇ ಹೇಳಿದರು: "ಹೋಗಿದ್ರಿ ರೀ. ನಾನು ಕಿಟಕಿಯಿಂದ ನೋಡ್ತಿದ್ದೆ."

ಮಗ ನನ್ನನ್ನು ಕೇಳಿದರು. "ಬ್ರೇಕ್ ಹಾಕಿ ಮರೆತುಬಿಟ್ರಾ?"

"ಮರೆತೆ ಸಾರ್."

"ನಾಳೆಯಿಂದ ಬೇರೆ ಸಿಸ್ಟರ್ ಕಳಿಸೋಕೆ ಹೇಳ್ತೀನಿ."

"ಆಗಲಿ ಸಾರ್."

ಅವರು ಫೋನ್ ತೆಗೆದರು. ಕೆಳಗಿನ ವಾರ್ಡಿಗೆ ಎರಡನೆಯ ಸಲ ಇಳಿದು ಹೋಗಲು ಮನಸ್ಸಾಗಲಿಲ್ಲವೇನೋ. "ಹೂಂ, ನಾನೇ ಕಣೋ. ಎಲ್ಲೂ ಹೋಗ್ಬೇಡ, ಅಲ್ಲೇ ಇರು. ನಿನ್ ಹೆಂಡ್ತಿಗೂ ಹೇಳು, ಮೂಟೆ ಬಿಚ್ಚು ಅಂತ." ಅಳಿಯನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಇನ್ಮೇಲೆ ಒಲೆ ಮಾತ್ರ ಹಚ್ಬೇಡ, ಗೊತ್ತಾಯ್ತಾ? ಹೊಗೆ ಆಗಲ್ಲ ಅವಕ್ಕೆ."

ಆ ಕಡೆಯಿಂದ "ಆಯ್ತು ಬುದ್ಧಿ" ಎಂದದ್ದು ನನಗೂ ಕೇಳಿಸಿತು.